ವಾಟರ್ ಕೂಲ್ಡ್ ಗೇಮಿಂಗ್ ಪಿಸಿ: ರೇಡಿಯೇಟರ್ ಎಲ್ಲಿ ಕೂರಿಸಬೇಕು, ಫ್ಯಾನ್ ಯಾವ ಕಡೆ ತಿರುಗಿಸಬೇಕು

ಹೋದ ಬೇಸಿಗೆಯಲ್ಲಿ ಕಲಬುರಗಿಯಿಂದ ಸೋದರತ್ತೆಯ ಮಗ ಫೋನ್ ಮಾಡಿದ. "ಅಣ್ಣಾ, ವಾಟರ್ ಕೂಲರ್ ಹಾಕ್ಸೀನಿ, ಆದ್ರೂ ಗೇಮ್ ಚಾಲೂ ಮಾಡಿ ಅರ್ಧ ತಾಸಿಗೆ ಗ್ರಾಫಿಕ್ಸ್ ಕಾರ್ಡ್ ಭಾಳ ಸಪ್ಪಳ ಮಾಡ್ತದ. ಒಳಗ ಗುಳುಗುಳು ಅಂತದ" ಅಂದ. ಆಮೇಲೆ ಅಲ್ಲಿಗೆ ಹೋದಾಗ ಪಕ್ಕದ ಗಾಜು ತೆಗೆದು ನೋಡಿದೆ. 240 ಮಿ.ಮೀ. ರೇಡಿಯೇಟರನ್ನು, ಅಂದರೆ ನೀರಿನ ಬಿಸಿಯನ್ನು ಗಾಳಿಗೆ ಬಿಡುವ ಭಾಗವನ್ನು, ಕೇಸಿನ ಮುಂಭಾಗದ ಕೆಳಗಿನ ಎರಡು ಫ್ಯಾನ್ ಜಾಗದಲ್ಲಿ ಕೂರಿಸಿದ್ದರು. ಅದರ ಫ್ಯಾನ್‌ಗಳು ಗಾಳಿಯನ್ನು ಹೊರಗೆ ತಳ್ಳುತ್ತಿದ್ದವು. ಹಿಂದಿನ ಫ್ಯಾನೂ ಹೊರಗೇ ತಳ್ಳುತ್ತಿತ್ತು. ಒಳಗೆ ತಣ್ಣನೆಯ ಗಾಳಿ ತರುವ ಒಂದು ಫ್ಯಾನೂ ಇರಲಿಲ್ಲ. ರೇಡಿಯೇಟರಿನ ಮೇಲಿನ ತುದಿ, ನೀರು ಓಡಿಸುವ ಪಂಪಿಗಿಂತ ಕೆಳಗಿತ್ತು, ಹಾಗಾಗಿ ಒಳಗಿದ್ದ ಗಾಳಿಯೆಲ್ಲ ಪಂಪಿನಲ್ಲೇ ಸೇರಿಕೊಂಡು ಆ ಗುಳುಗುಳು ಸದ್ದು ಬರುತ್ತಿತ್ತು.

ಅಲ್ಲಿದ್ದ ಸಾಮಾನೆಲ್ಲ ಒಳ್ಳೆಯದೇ. ಒಂದೂ ಬದಲಾಯಿಸಲಿಲ್ಲ. ರೇಡಿಯೇಟರನ್ನು ಮೇಲಕ್ಕೆ ಎತ್ತಿ ಕೂರಿಸಿ, ಕೇಸಿನ ಜೊತೆ ಬಂದು ಡಬ್ಬದಲ್ಲೇ ಉಳಿದಿದ್ದ ಫ್ಯಾನ್‌ಗಳನ್ನು ಮುಂದೆ ಒಳಮುಖವಾಗಿ ಹಾಕಿದೆ, ಅಷ್ಟೇ. ಸದ್ದು ಅವತ್ತೇ ನಿಂತಿತು.

ಇದನ್ನು ಯಾಕೆ ಹೇಳಿದೆ ಅಂದರೆ, ತುಂಬಾ ಜನ ರೇಡಿಯೇಟರನ್ನು ಎಲ್ಲಿ ಜಾಗ ಇದೆಯೋ ಅಲ್ಲಿ ಕೂರಿಸುತ್ತಾರೆ. ಅದು ಉಲ್ಟಾ ಕ್ರಮ. ಗಾಳಿ ಎಲ್ಲಿಂದ ಒಳಗೆ ಬಂದು ಎಲ್ಲಿಂದ ಹೊರಗೆ ಹೋಗಬೇಕು ಅನ್ನೋದನ್ನು ಮೊದಲು ತೀರ್ಮಾನಿಸಿ. ರೇಡಿಯೇಟರ್ ಆ ದಾರಿಯಲ್ಲಿ ಎಲ್ಲಿ ನಿಲ್ಲಬೇಕು ಅನ್ನೋದು ಆಮೇಲಿನ ಪ್ರಶ್ನೆ.

1. ಮೊದಲು ಬಿಸಿಯ ಲೆಕ್ಕ

ನೀರು ಬಿಸಿಯನ್ನು ಮಾಯ ಮಾಡುವುದಿಲ್ಲ. ಪ್ರೊಸೆಸರ್ ಹತ್ತಿರ ಹುಟ್ಟಿದ ಬಿಸಿಯನ್ನು ಹೊತ್ತು ರೇಡಿಯೇಟರ್ ತನಕ ತರುತ್ತದೆ, ಅಲ್ಲಿ ಫ್ಯಾನು ಅದನ್ನು ಗಾಳಿಗೆ ದಾಟಿಸುತ್ತದೆ. ಕೊನೆಗೆ ಆ ಬಿಸಿಯೆಲ್ಲ ನಿಮ್ಮ ರೂಮಿಗೇ ಬರುತ್ತದೆ. ರೂಮಿನ ಗಾಳಿಗಿಂತ ತಣ್ಣಗೆ ನೀರು ಯಾವತ್ತೂ ಆಗುವುದಿಲ್ಲ. ಮಂಗಳೂರು, ಕಾರವಾರದ ಕಡೆಯವರು "ಸೆಕೆಗಾಲದಲ್ಲಿ ಪೈಪಿನ ಮೇಲೆ ನೀರು ಬೆವರುತ್ತಾ?" ಅಂತ ಹೆದರುತ್ತಾರೆ. ಬೆವರುವುದಿಲ್ಲ, ಕಾರಣ ಇದೇ.

ಈಗ ಒಂದು ಹಾಳೆ ತಗೊಳ್ಳಿ, ಎರಡು ಸಂಖ್ಯೆ ಬರೆಯಿರಿ: ಪ್ರೊಸೆಸರ್ ಎಷ್ಟು ವ್ಯಾಟ್, ಗ್ರಾಫಿಕ್ಸ್ ಕಾರ್ಡ್ ಎಷ್ಟು ವ್ಯಾಟ್. ನಮ್ಮ ಹುಡುಗನ ಪಿಸಿಯಲ್ಲಿ ರೈಜನ್ 7 7800ಎಕ್ಸ್3ಡಿ ಮತ್ತು ಆರ್‌ಟಿಎಕ್ಸ್ 4070 ಸೂಪರ್ ಇದೆ. ಆ ರೈಜನ್‌ನ ಮೇಲಿನ ಮಿತಿ 162 ವ್ಯಾಟ್, ಆದರೆ ಗೇಮ್ ಆಡುವಾಗ ಸಾಮಾನ್ಯವಾಗಿ 80ರ ಆಸುಪಾಸಿಗಿಂತ ಮೇಲೆ ಹೋಗುವುದಿಲ್ಲ. ಕಾರ್ಡಿನದು 220 ವ್ಯಾಟ್. ಒಟ್ಟು 300 ಅಂತ ಇಟ್ಟುಕೊಳ್ಳಿ. ಅಂದರೆ ಗೇಮ್ ನಡೆಯುವಾಗ ಈ ಡಬ್ಬದ ಒಳಗಿನ ಬಿಸಿಯಲ್ಲಿ ಮುಕ್ಕಾಲು ಪಾಲು ಗ್ರಾಫಿಕ್ಸ್ ಕಾರ್ಡಿನದು, ಮತ್ತು ಅದಕ್ಕೆ ವಾಟರ್ ಕೂಲಿಂಗ್ ಇಲ್ಲ! ಇದೊಂದು ವಿಷಯ ಮನಸ್ಸಿನಲ್ಲಿದ್ದರೆ ಮುಂದಿನ ಅರ್ಧ ತೀರ್ಮಾನಗಳು ತಾವಾಗಿಯೇ ಬರುತ್ತವೆ.

ಇಂಟೆಲ್ ಕೋರ್ ಐ9 14900ಕೆ ಥರದ್ದಾದರೆ ಕಥೆ ಬೇರೆ. ಅದು 253 ವ್ಯಾಟ್ ತನಕ ಎಳೆಯುತ್ತದೆ. ವಿಡಿಯೋ ರೆಂಡರ್, ಕೋಡ್ ಕಂಪೈಲ್ ಅಂತ ಗಂಟೆಗಟ್ಟಲೆ ಕೆಲಸ ಮಾಡುವವರು ಆ ಪೂರ್ತಿ ಸಂಖ್ಯೆಯನ್ನೇ ಬರೆದುಕೊಳ್ಳಿ.

ಗಾಳಿಯ ಲೆಕ್ಕವೂ ಸುಲಭ. ಕೇಸಿನ ಮೂಲಕ ಗಂಟೆಗೆ 170 ಘನ ಮೀಟರ್ ಗಾಳಿ ಹರಿದರೆ, 300 ವ್ಯಾಟ್ ಬಿಸಿಯಿಂದ ಆ ಗಾಳಿ ಸರಾಸರಿ 5 ಡಿಗ್ರಿ ಏರುತ್ತದೆ. ಹರಿವು ಅರ್ಧಕ್ಕೆ ಇಳಿದರೆ ಏರಿಕೆ 10 ಡಿಗ್ರಿ ದಾಟುತ್ತದೆ. ಫ್ಯಾನಿನ ಡಬ್ಬದ ಮೇಲೆ ಗಂಟೆಗೆ 100 ಘನ ಮೀಟರ್ ಅಂತ ಬರೆದಿದ್ದರೆ, ಅದು ಎದುರಿಗೆ ಏನೂ ಅಡ್ಡ ಇಲ್ಲದಾಗಿನ ಮಾತು. ಧೂಳಿನ ಜಾಲರಿ, ರೇಡಿಯೇಟರ್, ಕೇಬಲ್ ಎಲ್ಲ ಅಡ್ಡ ಬಂದಮೇಲೆ ಅದರಲ್ಲಿ ಎಷ್ಟೋ ಪಾಲು ಸಿಗುವುದೇ ಇಲ್ಲ. ಮುಂದೆ ಪೂರ್ತಿ ಗಾಜು ಮುಚ್ಚಿದ ಕೇಸು ನೋಡೋಕೆ ಚೆಂದ, ಆದರೆ ಉಸಿರು ಕಟ್ಟುವುದು ಅಲ್ಲೇ. ಇನ್ನೂ ಕೇಸ್ ಕೊಂಡಿಲ್ಲ ಅಂದರೆ ಮುಂದೆ ಜಾಲರಿ ಇರುವುದನ್ನೇ ತಗೊಳ್ಳಿ.

2. ರೇಡಿಯೇಟರ್ ಗಾತ್ರ

ರೇಡಿಯೇಟರುಗಳನ್ನು ಫ್ಯಾನಿನ ಅಳತೆಯಲ್ಲಿ ಕರೆಯುತ್ತಾರೆ. 120ರ ಸಾಲಿನಲ್ಲಿ 120, 240, 360. 140ರ ಸಾಲಿನಲ್ಲಿ 140, 280, 420. ಜನ 240 ಮತ್ತು 280 ಹತ್ತಿರ ಹತ್ತಿರ ಅಂದುಕೊಳ್ಳುತ್ತಾರೆ. ಹಾಗಲ್ಲ. ಗಾಳಿ ಹಾಯುವ ಜಾಗ 280ರಲ್ಲಿ 36 ಶೇಕಡ ಜಾಸ್ತಿ. 360ಕ್ಕೂ 280ಕ್ಕೂ ಇರುವ ಅಂತರ ಅದಕ್ಕಿಂತ ಎಷ್ಟೋ ಕಡಿಮೆ. ನಿಮ್ಮ ಕೇಸಿಗೆ 360 ಹಿಡಿಸುವುದಿಲ್ಲ ಅಂದರೆ 280ಕ್ಕೆ ಜಾಗ ಇದೆಯಾ ನೋಡಿ, ಕಣ್ಣುಮುಚ್ಚಿ 240ಕ್ಕೆ ಇಳಿಯಬೇಡಿ.

7800ಎಕ್ಸ್3ಡಿ ಥರದ ಗೇಮಿಂಗ್ ಪ್ರೊಸೆಸರಿಗೆ 240 ಸಾಕು. 200 ವ್ಯಾಟ್ ದಾಟುವವಕ್ಕೆ 360 ಅಥವಾ 420. ರಾಯಚೂರು, ಕಲಬುರಗಿ, ಬಳ್ಳಾರಿ ಕಡೆ ಎಸಿ ಇಲ್ಲದ ರೂಮಾದರೆ ಒಂದು ಗಾತ್ರ ಮೇಲಕ್ಕೆ ಹೋಗಿ ಅನ್ನೋದು ನನ್ನ ಸಲಹೆ. ಏಪ್ರಿಲ್-ಮೇನಲ್ಲಿ ರೂಮೇ 38 ಡಿಗ್ರಿ ಇದ್ದರೆ ನೀರು 48-50ಕ್ಕೆ ಬಂದು ಕೂತುಕೊಳ್ಳುತ್ತದೆ. ಹೆಚ್ಚಿನ ಪಂಪುಗಳಿಗೆ ನೀರು 60 ಡಿಗ್ರಿ ದಾಟಬಾರದು ಅಂತ ತಯಾರಕರೇ ಹೇಳುತ್ತಾರೆ. ದೊಡ್ಡ ರೇಡಿಯೇಟರ್ ಹಾಕುವುದು ಆ ಅಂತರ ಉಳಿಸಿಕೊಳ್ಳೋಕೆ. ಜೊತೆಗೆ ಫ್ಯಾನೂ ಮೆಲ್ಲಗೆ ತಿರುಗುತ್ತದೆ, ರಾತ್ರಿ ಮನೆಯವರ ನಿದ್ದೆ ಕೆಡುವುದಿಲ್ಲ.

3. ರಟ್ಟು ಕತ್ತರಿಸಿ ಅಳೆಯಿರಿ

ಕೇಸಿನ ಕೈಪಿಡಿಯಲ್ಲಿ "ಮೇಲೆ 360 ಹಿಡಿಸುತ್ತದೆ" ಅಂತ ಇರುತ್ತದೆ. ನಂಬಿ, ಆದರೆ ಅಳೆದು ನಂಬಿ. 360 ರೇಡಿಯೇಟರಿನ ಉದ್ದ 360 ಅಲ್ಲ. ಎರಡೂ ತುದಿಯಲ್ಲಿ ನೀರು ತಿರುಗುವ ಡಬ್ಬಿಗಳಿರುತ್ತವೆ, ಒಟ್ಟು 395-400 ಮಿ.ಮೀ. ಆಗುತ್ತದೆ. 240 ಅನ್ನುವುದು 275ರ ಮೇಲಿರುತ್ತದೆ. ದಪ್ಪ ಸಾಮಾನ್ಯವಾಗಿ 27 ಮಿ.ಮೀ., ಫ್ಯಾನಿನದು 25. ಸೇರಿಸಿದರೆ 52. ಆರ್ಕ್ಟಿಕ್ ಲಿಕ್ವಿಡ್ ಫ್ರೀಜರ್ 3 ಥರದ ಕೂಲರಿನ ರೇಡಿಯೇಟರುಗಳು 38 ಮಿ.ಮೀ. ದಪ್ಪ ಇರುತ್ತವೆ, ಅಲ್ಲಿ 63 ಬೇಕು. ಈ 11 ಮಿ.ಮೀ. ವ್ಯತ್ಯಾಸಕ್ಕೇ ಎಷ್ಟೋ ಜನ ಕೂಲರ್ ವಾಪಸ್ ಕಳಿಸುತ್ತಾರೆ.

ನಾನು ಮಾಡುವುದು ಇಷ್ಟು. ಯಾವುದಾದರೂ ಪಾರ್ಸೆಲ್ ಡಬ್ಬದ ರಟ್ಟು ತಗೊಂಡು 400 ಉದ್ದ, 120 ಅಗಲಕ್ಕೆ ಕತ್ತರಿಸುತ್ತೇನೆ. ಅಂಥ ಪಟ್ಟಿಗಳನ್ನು ಒಂದರ ಮೇಲೊಂದು ಅಂಟಿಸಿ 52 ಮಿ.ಮೀ. ದಪ್ಪ ಬರೋ ತನಕ ಏರಿಸುತ್ತೇನೆ. ಮದರ್‌ಬೋರ್ಡ್, ರ‍್ಯಾಮ್, ಗ್ರಾಫಿಕ್ಸ್ ಕಾರ್ಡ್ ಎಲ್ಲ ಕೂರಿಸಿದ ಮೇಲೆ ಆ ರಟ್ಟಿನ ಇಟ್ಟಿಗೆಯನ್ನು ಮೇಲೆ ಇಟ್ಟು ನೋಡುತ್ತೇನೆ, ಮುಂದೆ ಇಟ್ಟು ನೋಡುತ್ತೇನೆ. ಎಲ್ಲಿ ತಾಗುತ್ತದೆ ಅನ್ನೋದು ಕಣ್ಣಿಗೇ ಕಾಣುತ್ತದೆ. ಅರ್ಧ ಗಂಟೆ ಕೆಲಸ, ಆದರೆ ಸಾವಿರಾರು ರೂಪಾಯಿ ಉಳಿಸುತ್ತದೆ.

ಮೇಲೆ ಕೂರಿಸುವಾಗ ತಾಗುವುದು ಎರಡು ಕಡೆ. ಒಂದು ರ‍್ಯಾಮ್. ಲೈಟ್ ಇರುವ ಎತ್ತರದ ರ‍್ಯಾಮು 42-44 ಮಿ.ಮೀ. ಇರುತ್ತದೆ, ತಗ್ಗಿನದು 34ರ ಹತ್ತಿರ. ಇನ್ನೊಂದು, ಬೋರ್ಡಿನ ಎಡಮೂಲೆಯ ಮೇಲ್ತುದಿಯಲ್ಲಿ ಪ್ರೊಸೆಸರಿಗೆ ಕರೆಂಟ್ ಕೊಡುವ 8 ಪಿನ್ ಕೇಬಲ್. ರೇಡಿಯೇಟರ್ ಬಿಗಿದಮೇಲೆ ಅಲ್ಲಿಗೆ ಬೆರಳೇ ಹೋಗುವುದಿಲ್ಲ. ಆ ಕೇಬಲ್ಲನ್ನು ಮೊದಲೇ ಚುಚ್ಚಿಬಿಡಿ.

ಮುಂದೆ ಕೂರಿಸುವುದಾದರೆ ಗ್ರಾಫಿಕ್ಸ್ ಕಾರ್ಡಿನ ಉದ್ದ ನೋಡಿ. ಕೇಸಿನ ಪಟ್ಟಿಯಲ್ಲಿ ಕಾರ್ಡಿಗೆ 360 ಮಿ.ಮೀ. ಜಾಗ ಅಂತ ಇದ್ದರೆ ಅದು ಬಹಳ ಸಲ ರೇಡಿಯೇಟರ್ ಇಲ್ಲದಾಗಿನ ಅಳತೆ. ಅದರಿಂದ ರೇಡಿಯೇಟರಿನ ದಪ್ಪ ಕಳೆಯಿರಿ, ಕೆಲವು ಕೇಸಿನಲ್ಲಿ ಫ್ಯಾನಿನದ್ದನ್ನೂ ಕಳೆಯಬೇಕಾಗುತ್ತದೆ. ಪೈಪು ಕಾರ್ಡಿನ ಮೇಲಿಂದ ಹಾದು ಪ್ರೊಸೆಸರ್ ತನಕ ಮುಟ್ಟುತ್ತದಾ ಅಂತ ಒಂದು ದಾರ ಹಿಡಿದು ನೋಡಿ. ಪೈಪು ಎಲ್ಲೂ ಮಡಿಚಿಕೊಳ್ಳಬಾರದು, ಎಳೆದು ಬಿಗಿಯಾಗಿಯೂ ಇರಬಾರದು.

4. ಮೇಲೆಯೋ, ಮುಂದೆಯೋ?

ಎಲ್ಲರೂ ಕಿತ್ತಾಡುವುದು ಇಲ್ಲೇ. ಸ್ವಲ್ಪ ನಿಧಾನವಾಗಿ ನೋಡೋಣ.

ರೇಡಿಯೇಟರ್ ಮುಂದೆ ಇದ್ದು ಗಾಳಿಯನ್ನು ಒಳಗೆ ಎಳೆದರೆ, ಅದಕ್ಕೆ ರೂಮಿನ ತಾಜಾ ಗಾಳಿಯೇ ಸಿಗುತ್ತದೆ. ಪ್ರೊಸೆಸರ್ ತಣ್ಣಗಿರುತ್ತದೆ. ಆದರೆ ರೇಡಿಯೇಟರ್ ದಾಟಿ ಬಂದ ಬೆಚ್ಚಗಿನ ಗಾಳಿಯೇ ಗ್ರಾಫಿಕ್ಸ್ ಕಾರ್ಡಿಗೆ ಹೋಗುತ್ತದೆ. ಎಷ್ಟು ಬೆಚ್ಚಗೆ? ರೇಡಿಯೇಟರಿನ ಮೂಲಕ ಗಂಟೆಗೆ 100 ಘನ ಮೀಟರ್ ಹರಿಯುತ್ತದೆ ಅಂತಿಟ್ಟುಕೊಂಡರೆ, 80 ವ್ಯಾಟಿನ ಪ್ರೊಸೆಸರ್ ಅದನ್ನು ಎರಡೂವರೆ ಡಿಗ್ರಿ ಏರಿಸುತ್ತದೆ. 200 ವ್ಯಾಟಿನದು 6 ಡಿಗ್ರಿ ಏರಿಸುತ್ತದೆ. ಅಂದರೆ ತಣ್ಣನೆಯ ಗೇಮಿಂಗ್ ಪ್ರೊಸೆಸರ್ ಇದ್ದವರಿಗೆ ಮುಂದೆ ಕೂರಿಸಿದರೂ ಕಾರ್ಡಿಗೆ ಅಷ್ಟೇನೂ ತೊಂದರೆ ಇಲ್ಲ. ಬಿಸಿ ಪ್ರೊಸೆಸರ್ ಇದ್ದವರಿಗೆ ಇದೆ.

ರೇಡಿಯೇಟರ್ ಮೇಲೆ ಇದ್ದು ಗಾಳಿಯನ್ನು ಹೊರಗೆ ತಳ್ಳಿದರೆ, ಮುಂದಿನ ಫ್ಯಾನ್‌ಗಳಿಂದ ತಾಜಾ ಗಾಳಿ ಸೀದಾ ಕಾರ್ಡಿಗೆ ಹೋಗುತ್ತದೆ. ಕಾರ್ಡು ಬಿಟ್ಟ ಬಿಸಿಗಾಳಿಯಲ್ಲಿ ಒಂದು ಪಾಲು ರೇಡಿಯೇಟರ್ ಮೂಲಕ ಹೊರಗೆ ಹೋಗುತ್ತದೆ. 220 ವ್ಯಾಟಿನ ಕಾರ್ಡ್ ಇದ್ದು ಹರಿವು ಚೆನ್ನಾಗಿದ್ದರೆ ಆ ಗಾಳಿ ರೂಮಿಗಿಂತ ಸುಮಾರು 4 ಡಿಗ್ರಿ ಬಿಸಿ ಇರುತ್ತದೆ. ಹಾಗಾಗಿ ಪ್ರೊಸೆಸರ್ ಕೂಡ ಸುಮಾರು ಅಷ್ಟೇ ಏರುತ್ತದೆ.

ಈಗ ಯೋಚಿಸಿ. ಗೇಮ್ ಆಡುವಾಗ ಪ್ರೊಸೆಸರ್ 66 ಇದ್ದದ್ದು 70 ಆದರೆ ನಿಮಗೆ ಏನೂ ಗೊತ್ತಾಗುವುದಿಲ್ಲ. ಕಾರ್ಡು ನಾಲ್ಕು ಡಿಗ್ರಿ ಏರಿದರೆ ಅದರ ಸಣ್ಣ ಫ್ಯಾನ್‌ಗಳು ಜೋರಾಗಿ ತಿರುಗುತ್ತವೆ, ಅದು ಕಿವಿಗೆ ತಕ್ಷಣ ಗೊತ್ತಾಗುತ್ತದೆ. ಹಾಗಾಗಿ ಗೇಮಿಂಗ್ ಪಿಸಿಗೆ ನನ್ನ ಉತ್ತರ ಒಂದೇ: ಮೇಲೆ ಜಾಗ ಇದ್ದರೆ ಮೇಲೆ ಕೂರಿಸಿ, ಹೊರಗೆ ತಳ್ಳಿಸಿ. ದಿನವಿಡೀ ಪ್ರೊಸೆಸರ್ ಮೇಲೇ ಕೆಲಸ, ಕಾರ್ಡಿಗೆ ಅಷ್ಟಾಗಿ ಕೆಲಸ ಇಲ್ಲ ಅನ್ನುವವರು ಮುಂದೆ ಹಾಕಿ. ಮೇಲೆ ಜಾಗವೇ ಇಲ್ಲದ ಕೇಸಿನವರೂ ಮುಂದೆ ಹಾಕಿ, ಚಿಂತೆ ಬೇಡ.

ಮುಂದೆ ಹಾಕಿ ಗಾಳಿಯನ್ನು ಹೊರಗೆ ತಳ್ಳಿಸುವುದು ಮಾತ್ರ ಬೇಡ. ಕಲಬುರಗಿಯಲ್ಲಿ ನೋಡಿದ್ದು ಅದೇ. ಕೇಸಿನಲ್ಲಿ ಗಾಳಿ ಬರೋಕೆ ಇರುವ ದೊಡ್ಡ ಬಾಗಿಲನ್ನೇ ಮುಚ್ಚಿದಂತೆ ಆಗುತ್ತದೆ.

ಲಿಯಾನ್ ಲಿ ಓ11 ಡೈನಾಮಿಕ್ ಥರದ ಎರಡು ಕೋಣೆಯ ಕೇಸಾದರೆ ಪಕ್ಕದಲ್ಲೂ ಒಂದು 360 ಜಾಗ ಇರುತ್ತದೆ, ಕೆಳಗೂ ಇರುತ್ತದೆ. ಅಂಥ ಕೇಸಿನಲ್ಲಿ ನಾನು ರೇಡಿಯೇಟರನ್ನು ಮೇಲೆ ಅಥವಾ ಪಕ್ಕ ಹಾಕಿ, ಕೆಳಗೆ ಮೂರು ಬರೀ ಫ್ಯಾನ್ ಒಳಮುಖವಾಗಿ ಇಡುತ್ತೇನೆ. ಕೆಳಗಿಂದ ಬರುವ ಗಾಳಿ ಕಾರ್ಡಿನ ಫ್ಯಾನ್‌ಗಳ ಬಾಯಿಗೇ ಸಿಗುತ್ತದೆ, ಇದಕ್ಕಿಂತ ಒಳ್ಳೆಯ ಜಾಗ ಕಾರ್ಡಿಗೆ ಇಲ್ಲ.

ಹಿಂದಿನ 120ರ ಜಾಗಕ್ಕೆ ರೇಡಿಯೇಟರ್ ಹಾಕುವುದು ತೀರಾ ಪುಟ್ಟ ಕೇಸಿನಲ್ಲಿ ಮಾತ್ರ.

5. ಪಂಪು ಎಲ್ಲಕ್ಕಿಂತ ಮೇಲೆ ಇರಬಾರದು

ರೆಡಿಮೇಡ್ ಕೂಲರಿನಲ್ಲಿ, ಅಂದರೆ ಎಐಓದಲ್ಲಿ, ಪಂಪು ಸಾಮಾನ್ಯವಾಗಿ ಪ್ರೊಸೆಸರ್ ಮೇಲೆ ಕೂರುವ ಬಿಲ್ಲೆಯೊಳಗೇ ಇರುತ್ತದೆ. ನೀರಿನ ಜೊತೆ ಸ್ವಲ್ಪ ಗಾಳಿ ಎಲ್ಲ ಎಐಓದಲ್ಲೂ ಇದ್ದೇ ಇರುತ್ತದೆ. ವರ್ಷಗಳು ಕಳೆದ ಹಾಗೆ ರಬ್ಬರ್ ಪೈಪಿನ ಮೂಲಕ ನೀರು ತುಸುತುಸುವೇ ಆವಿಯಾಗಿ, ಗಾಳಿ ಇನ್ನೂ ಜಾಸ್ತಿಯಾಗುತ್ತದೆ. ಗಾಳಿ ಯಾವಾಗಲೂ ಇಡೀ ಸುತ್ತಿನಲ್ಲಿ ಎತ್ತರದ ಜಾಗಕ್ಕೆ ಹೋಗಿ ಕೂರುತ್ತದೆ. ಆ ಎತ್ತರದ ಜಾಗ ಪಂಪೇ ಆಗಿದ್ದರೆ ಅದು ನೀರಿಲ್ಲದೆ ಒಣಗಿ ತಿರುಗುತ್ತದೆ. ಸದ್ದು ಬರುತ್ತದೆ, ಬಿಸಿ ಏರುತ್ತದೆ, ಆಯಸ್ಸು ಕಡಿಮೆಯಾಗುತ್ತದೆ.

ರೇಡಿಯೇಟರಿನ ಮೇಲಿನ ತುದಿ ಪಂಪಿಗಿಂತ ಎತ್ತರದಲ್ಲಿ ಇದ್ದರೆ ಸಾಕು. ಮೇಲೆ ಕೂರಿಸಿದರೆ ಈ ಪ್ರಶ್ನೆಯೇ ಇಲ್ಲ. ಮುಂದೆ ನಿಲ್ಲಿಸಿದರೆ ಆದಷ್ಟು ಮೇಲಕ್ಕೆ ಸರಿಸಿ ಬಿಗಿಯಿರಿ. ಪೈಪುಗಳು ಕೆಳಗೆ ಬರುವ ಹಾಗೆ ನಿಲ್ಲಿಸಿದರೆ ಇನ್ನೂ ಒಳ್ಳೆಯದು, ಆಗ ಗಾಳಿ ಮೇಲಿನ ಡಬ್ಬಿಯಲ್ಲಿ ಸುಮ್ನೆ ಕೂತಿರುತ್ತದೆ, ಪೈಪಿನೊಳಗೆ ಬರುವುದಿಲ್ಲ. ಪೈಪು ಮುಟ್ಟುವುದಿಲ್ಲ ಅಂದರೆ ಮೇಲೆ ಇದ್ದರೂ ಪರವಾಗಿಲ್ಲ, ರೇಡಿಯೇಟರಿನ ತುದಿ ಪಂಪಿಗಿಂತ ಎತ್ತರ ಇದ್ದರೆ ಆಯಿತು. ಎಐಓ ರೇಡಿಯೇಟರನ್ನು ಕೇಸಿನ ತಳಕ್ಕೆ ಮಾತ್ರ ಹಾಕಬೇಡಿ.

ಹೊಸದಾಗಿ ಕೂರಿಸಿದ ಮೇಲೆ ಮೊದಲ ಕೆಲವು ನಿಮಿಷ ಗುಳುಗುಳು ಬಂದರೆ ಹೆದರಬೇಡಿ. ಪಂಪ್ ಓಡುತ್ತಿರುವಾಗಲೇ ಕೇಸನ್ನು ಎರಡೂ ಕೈಯಲ್ಲಿ ಹಿಡಿದು ಮೆಲ್ಲಗೆ ಹಿಂದಕ್ಕೆ ಮುಂದಕ್ಕೆ ವಾಲಿಸಿ. ಗುಳ್ಳೆಗಳು ರೇಡಿಯೇಟರಿಗೆ ಹೋಗಿ ಸೇರುತ್ತವೆ. ದಿನಗಳಾದರೂ ಸದ್ದು ನಿಲ್ಲದಿದ್ದರೆ ಕೂರಿಸಿದ ಜಾಗ ತಪ್ಪಾಗಿದೆ, ಇಲ್ಲವೇ ನೀರು ಕಡಿಮೆ ಇದೆ.

6. ಫ್ಯಾನ್: ಯಾವುದು, ಯಾವ ಮುಖ, ಎಷ್ಟು

ರೇಡಿಯೇಟರಿನ ರೆಕ್ಕೆಗಳ, ಅಂದರೆ ತೆಳು ಲೋಹದ ಪಟ್ಟಿಗಳ, ನಡುವೆ ಗಾಳಿ ನುಗ್ಗಿಸೋಕೆ ಒತ್ತಡ ಬೇಕು. ಫ್ಯಾನಿನ ವಿವರಪಟ್ಟಿಯಲ್ಲಿ ಸ್ಟ್ಯಾಟಿಕ್ ಪ್ರೆಶರ್ ಅಂತ ಒಂದು ಸಾಲು ಇರುತ್ತದೆ, ನೀರಿನ ಮಿ.ಮೀ. ಲೆಕ್ಕದಲ್ಲಿ. ನಾಕ್ಟುವಾದ ಎನ್‌ಎಫ್-ಎ12ಎಕ್ಸ್25ರಲ್ಲಿ ಅದು 2.34, ಅಗ್ಗದ ಆರ್ಕ್ಟಿಕ್ ಪಿ12ರಲ್ಲಿ 2.2. ಎರಡರ ಆಸುಪಾಸು ಇದ್ದರೆ ರೇಡಿಯೇಟರಿಗೆ ಧಾರಾಳ. 1ರ ಹತ್ತಿರ ಇರುವ ಫ್ಯಾನನ್ನು ಹಿಂದೆ ಗಾಳಿ ಹೊರಹಾಕೋಕೆ ಇಟ್ಟುಕೊಳ್ಳಿ. ಒಂದು ಇಂಚಿಗೆ 20ರ ಮೇಲೆ ರೆಕ್ಕೆ ಇರುವ ಒತ್ತಾದ ರೇಡಿಯೇಟರಿಗೆ ಜೋರು ಫ್ಯಾನು ಬೇಕು, 10-12 ಇರುವ ವಿರಳವಾದವು ಮೆಲ್ಲಗಿನ ಫ್ಯಾನಿನಲ್ಲೂ ಚೆನ್ನಾಗಿ ಕೆಲಸ ಮಾಡುತ್ತವೆ.

ಮುಖ ಗುರುತಿಸುವುದು ಹೀಗೆ: ನಾಲ್ಕು ಕಡ್ಡಿಗಳ ಚೌಕಟ್ಟು, ಮಧ್ಯೆ ಸ್ಟಿಕ್ಕರ್ ಇರುವ ಬದಿಯಿಂದ ಗಾಳಿ ಹೊರಗೆ ಬರುತ್ತದೆ. ಬರೀ ಫ್ಯಾನಿನ ರೆಕ್ಕೆ ಕಾಣುವ ಬದಿಯಿಂದ ಒಳಗೆ ಹೋಗುತ್ತದೆ. ಅಂದಕ್ಕಾಗಿ ರೆಕ್ಕೆ ತಿರುವು ಮಾಡಿದ ರಿವರ್ಸ್ ಫ್ಯಾನ್‌ಗಳೂ ಈಗ ಬರುತ್ತಿವೆ, ಅವುಗಳಲ್ಲಿ ಇದು ಉಲ್ಟಾ. ಅನುಮಾನ ಬಂದರೆ ಒಂದು ತುಂಡು ಟಿಶ್ಯೂ ಪೇಪರ್ ಹಿಡಿದು ನೋಡಿ, ಅಂಟಿಕೊಂಡರೆ ಎಳೆಯುತ್ತಿದೆ, ಹಾರಿದರೆ ತಳ್ಳುತ್ತಿದೆ.

ಫ್ಯಾನು ರೇಡಿಯೇಟರಿನ ಹಿಂದೆ ನಿಂತು ತಳ್ಳಿದರೂ ಮುಂದೆ ನಿಂತು ಎಳೆದರೂ ತಂಪಿನಲ್ಲಿ ವ್ಯತ್ಯಾಸ ಕಡಿಮೆ. ಆದರೆ ಧೂಳಿನ ವಿಷಯದಲ್ಲಿ ಇದೆ. ತಳ್ಳುವ ಫ್ಯಾನಾದರೆ ಧೂಳು ಫ್ಯಾನಿಗೂ ರೆಕ್ಕೆಗೂ ನಡುವೆ ಕಂಬಳಿಯಂತೆ ಕೂರುತ್ತದೆ, ತೆಗೆಯೋಕೆ ಫ್ಯಾನನ್ನೇ ಬಿಚ್ಚಬೇಕು. ಎಳೆಯುವ ಫ್ಯಾನಾದರೆ ಧೂಳು ರೇಡಿಯೇಟರಿನ ಹೊರಮೈ ಮೇಲೆ ಕಾಣುತ್ತದೆ, ಬ್ರಶ್ಶಿನಲ್ಲಿ ಒರೆಸಿದರೆ ಹೋಗುತ್ತದೆ. ಧೂಳಿನ ಊರಲ್ಲಿ ಮುಂದೆ ರೇಡಿಯೇಟರ್ ಹಾಕುವವರು ಎಳೆಯುವ ಜೋಡಣೆ ಮಾಡಿಕೊಳ್ಳಿ. ಎರಡೂ ಕಡೆ ಫ್ಯಾನ್ ಹಾಕುವುದು ದಪ್ಪನೆಯ, 45-60 ಮಿ.ಮೀ. ರೇಡಿಯೇಟರಿಗೆ ಮಾತ್ರ ಲಾಭ. 27ಕ್ಕೆ ಸುಮ್ನೆ ದುಡ್ಡು ದಂಡ.

ಒಂದು ಎಚ್ಚರಿಕೆ, ಇದನ್ನು ದಯವಿಟ್ಟು ಮರೆಯಬೇಡಿ. ಎಐಓ ಡಬ್ಬದಲ್ಲಿ ಎರಡು ಥರ ಸ್ಕ್ರೂ ಇರುತ್ತವೆ. ಸುಮಾರು 30 ಮಿ.ಮೀ. ಉದ್ದದ್ದು ಫ್ಯಾನಿನ ಮೂಲಕ ಹಾದು ಬರೋಕೆ. 5-6 ಮಿ.ಮೀ. ಚಿಕ್ಕದ್ದು ರೇಡಿಯೇಟರನ್ನು ನೇರ ಕೇಸಿಗೆ ಬಿಗಿಯೋಕೆ. ಚಿಕ್ಕದ್ದರ ಜಾಗದಲ್ಲಿ ಉದ್ದದ್ದು ಹಾಕಿ ತಿರುಗಿಸಿದರೆ ಅದು ಒಳಗಿನ ನೀರಿನ ಕೊಳವೆಯನ್ನೇ ತೂತು ಮಾಡುತ್ತದೆ. ಸ್ಕ್ರೂ ಬಿಗಿಯಾಗಿ ಹೋಗುತ್ತಿದೆ ಅನ್ನಿಸಿದರೆ ಅಲ್ಲೇ ನಿಲ್ಲಿಸಿ.

7. ಒಳಗೆ ಎಷ್ಟು, ಹೊರಗೆ ಎಷ್ಟು: ಊದುಬತ್ತಿ ಪರೀಕ್ಷೆ

ಒಳಗೆ ಬರುವ ಗಾಳಿ ಹೊರಗೆ ಹೋಗುವುದಕ್ಕಿಂತ ತುಸು ಜಾಸ್ತಿ ಇರಬೇಕು. ಆಗ ಕೇಸಿನ ಸಂದುಗೊಂದುಗಳಿಂದ ಗಾಳಿ ಹೊರಗೇ ಸೋರುತ್ತದೆ, ಒಳಗೆ ಬರುವುದೆಲ್ಲ ಜಾಲರಿ ದಾಟಿಯೇ ಬರುತ್ತದೆ. ಹೊರಗೆ ಹೋಗುವುದು ಜಾಸ್ತಿಯಾದರೆ ಜಾಲರಿ ಇಲ್ಲದ ಪ್ರತಿಯೊಂದು ಸಂದಿನಿಂದಲೂ ಧೂಳು ನುಗ್ಗುತ್ತದೆ.

ಫ್ಯಾನ್ ಎಣಿಸಿದರೆ ಇದು ಗೊತ್ತಾಗುವುದಿಲ್ಲ. ಮುಂದೆ ಮೂರು ಒಳಗೆ, ಮೇಲೆ ಮೂರು ಹಾಗೂ ಹಿಂದೆ ಒಂದು ಹೊರಗೆ ಅಂದರೆ ಕಾಗದದ ಮೇಲೆ ಹೊರಗಿನದ್ದು ಜಾಸ್ತಿ. ಆದರೆ ಮೇಲಿನ ಮೂರೂ ರೇಡಿಯೇಟರನ್ನು ದಾಟಿ ತಳ್ಳಬೇಕು, ಮುಂದಿನವು ಜಾಲರಿ ದಾಟಿ ಎಳೆಯಬೇಕು. ಯಾವುದು ಎಷ್ಟು ಸೋಲುತ್ತದೆ ಅಂತ ಊಹಿಸೋದು ಕಷ್ಟ. ಅದಕ್ಕೇ ಊದುಬತ್ತಿ.

ರೂಮಿನ ಸೀಲಿಂಗ್ ಫ್ಯಾನ್ ಆಫ್ ಮಾಡಿ, ಕಿಟಕಿ ಮುಚ್ಚಿ, ಪಿಸಿಯಲ್ಲಿ ಗೇಮ್ ಹಚ್ಚಿ ಹತ್ತು ನಿಮಿಷ ಬಿಡಿ. ಒಂದು ಊದುಬತ್ತಿ ಹಚ್ಚಿ, ಬೂದಿ ಕೇಸಿನ ಮೇಲೆ ಬೀಳದ ಹಾಗೆ ಕೆಳಗೆ ಒಂದು ತಟ್ಟೆ ಹಿಡಿದುಕೊಳ್ಳಿ. ಕೇಸಿನ ಹಿಂದೆ, ಗ್ರಾಫಿಕ್ಸ್ ಕಾರ್ಡಿನ ಕೆಳಗೆ ತೂತಿನ ಪಟ್ಟಿಗಳಿರುತ್ತವೆ ನೋಡಿ, ಅಲ್ಲಿಗೆ ನಾಲ್ಕು ಬೆರಳು ದೂರಕ್ಕೆ ತನ್ನಿ. ಕಲಬುರಗಿಯಲ್ಲಿ ಹಳೆಯ ಜೋಡಣೆ ಇದ್ದಾಗ ಹೊಗೆ ಗೆರೆ ಎಳೆದಂತೆ ನೆಟ್ಟಗೆ ಮೇಲೇರುತ್ತಿದ್ದದ್ದು ಆ ಪಟ್ಟಿಯ ಹತ್ತಿರ ಬಂದ ಕೂಡಲೇ ಕುತ್ತಿಗೆ ಬಾಗಿಸಿದ ಹಾಗೆ ಒಳಗೆ ನುಗ್ಗಿತು. ಪಟ್ಟಿಯ ತೂತುಗಳ ಅಂಚಿನಲ್ಲಿ ಕಂದು ಧೂಳಿನ ಉಂಗುರಗಳೂ ಇದ್ದವು. ಜೋಡಣೆ ಬದಲಿಸಿದ ಮೇಲೆ ಅದೇ ಜಾಗದಲ್ಲಿ ಹೊಗೆ ಹೊರಕ್ಕೆ ಬಾಗಿತು. ಎರಡು ನಿಮಿಷದಲ್ಲಿ ಮುಗಿಸಿ ಬತ್ತಿ ಆರಿಸಿಬಿಡಿ. ಹೊಗೆಯ ಜಿಡ್ಡು ಒಳಗೆ ಜಾಸ್ತಿ ಹೋಗೋದು ಬೇಡ, ಹಾಗೆಯೇ ದೇವರ ಮನೆಯ ಪಕ್ಕದ ಗೋಡೆಗೆ ಪಿಸಿ ಇಟ್ಟಿದ್ದರೆ ಸ್ವಲ್ಪ ದೂರ ಸರಿಸಿ.

ಹೊಗೆ ಒಳಗೆ ಹೋದರೆ ಮುಂದಿನ ಫ್ಯಾನ್‌ಗಳ ವೇಗ ಏರಿಸಿ, ಇಲ್ಲ ಹಿಂದಿನದನ್ನು ಇಳಿಸಿ, ಮತ್ತೆ ನೋಡಿ. ಕೆಲವರು ಹಿಂದಿನ ಫ್ಯಾನನ್ನು ಒಳಮುಖ ಮಾಡಿ ಮೇಲಿನ ರೇಡಿಯೇಟರಿಗೆ ತಾಜಾ ಗಾಳಿ ಕೊಡುತ್ತಾರೆ. ಪ್ರೊಸೆಸರ್ ಸ್ವಲ್ಪ ಇಳಿಯಬಹುದು, ಆದರೆ ಹಿಂದೆ ಜಾಲರಿ ಇರುವುದಿಲ್ಲ, ಕಾರ್ಡು ಹೊರಬಿಟ್ಟ ಬಿಸಿಯೂ ಅಲ್ಲೇ ಸುತ್ತುತ್ತಿರುತ್ತದೆ. ನನಗೆ ಇಷ್ಟವಿಲ್ಲ.

ಕೇಸನ್ನು ನೆಲದ ಮೇಲೆ ಇಡಬೇಡಿ, ಗುಡಿಸಿದ ಧೂಳೆಲ್ಲ ಅದಕ್ಕೇ ಹೋಗುತ್ತದೆ. ಮೇಜಿನ ಕೆಳಗಿನ ಬಾಗಿಲಿರುವ ಗೂಡಿನೊಳಗೂ ಬೇಡ. ಹಿಂದೆ ಗೋಡೆಗೆ ಒಂದು ಗೇಣು ಜಾಗ ಬಿಡಿ.

8. ವೈರು ಮತ್ತು ವೇಗ

ಪಂಪಿನ ವೈರನ್ನು ಮದರ್‌ಬೋರ್ಡಿನ ಎಐಓ ಪಂಪ್ ಅಂತ ಬರೆದ ಜಾಗಕ್ಕೆ ಚುಚ್ಚಿ, ತಯಾರಕರು ಬೇರೆ ಹೇಳದಿದ್ದರೆ ಪೂರ್ತಿ ವೇಗದಲ್ಲೇ ಬಿಡಿ. ರೇಡಿಯೇಟರ್ ಫ್ಯಾನ್‌ಗಳನ್ನು ಸಿಪಿಯು ಫ್ಯಾನ್ ಜಾಗಕ್ಕೆ ಕೊಡಿ. ಅದು ಖಾಲಿ ಇದ್ದರೆ ಎಷ್ಟೋ ಬೋರ್ಡುಗಳು ಫ್ಯಾನ್ ಎರರ್ ಅಂತ ಹೇಳಿ ಮುಂದೆ ಹೋಗುವುದೇ ಇಲ್ಲ. ಒಂದು ಜಾಗಕ್ಕೆ ಸಾಮಾನ್ಯವಾಗಿ 1 ಆಂಪಿಯರ್ ಮಿತಿ. ಮೂರು ಫ್ಯಾನ್ ಸೇರಿಸಿ ಚುಚ್ಚುವ ಮೊದಲು ಅವುಗಳ ಸ್ಟಿಕ್ಕರ್ ಮೇಲಿನ ಆಂಪಿಯರ್ ಕೂಡಿಸಿ ನೋಡಿ.

ಈಗಿನ ಪ್ರೊಸೆಸರುಗಳು ಒಂದು ಸೆಕೆಂಡಿನಲ್ಲಿ 45ರಿಂದ 70ಕ್ಕೆ ಹಾರಿ ಮತ್ತೆ ಇಳಿಯುತ್ತವೆ. ನೀರು ಹಾಗಲ್ಲ, ನಿಧಾನ. ಪ್ರೊಸೆಸರಿನ ಬಿಸಿಗೆ ಫ್ಯಾನ್ ಕಟ್ಟಿಹಾಕಿದರೆ ಬ್ರೌಸರ್ ತೆಗೆದಾಗೆಲ್ಲ ಫ್ಯಾನ್ ಹೂಂಕರಿಸುತ್ತದೆ, ಆದರೆ ನೀರು ಬಿಸಿಯೇ ಆಗಿರುವುದಿಲ್ಲ. ನೀರಿನ ಉಷ್ಣಾಂಶ ತೋರಿಸುವ ಕೂಲರ್ ಇದ್ದರೆ ಅದಕ್ಕೇ ಫ್ಯಾನ್ ಕಟ್ಟಿ. ಇಲ್ಲದಿದ್ದರೆ ಬಯಾಸ್‌ನಲ್ಲಿ, ಅಂದರೆ ಮದರ್‌ಬೋರ್ಡಿನ ಸೆಟ್ಟಿಂಗ್ ಪುಟದಲ್ಲಿ, ವೇಗ ಏರೋಕೆ, ಇಳಿಯೋಕೆ ಕೆಲವು ಸೆಕೆಂಡು ತಡ ಕೊಡುವ ಆಯ್ಕೆ ಇರುತ್ತದೆ, ಅದನ್ನು ಜಾಸ್ತಿ ಮಾಡಿ. ಆಗ ಪ್ರೊಸೆಸರ್ 60 ಡಿಗ್ರಿ ಆಗೋ ತನಕ ಒಂದೇ ಮೆಲುವೇಗ, ಆಮೇಲೆ ನಿಧಾನವಾಗಿ ಏರಲಿ.

ಮುಂದಿನ ಫ್ಯಾನ್‌ಗಳನ್ನು ಸಾಧ್ಯವಾದರೆ ಗ್ರಾಫಿಕ್ಸ್ ಕಾರ್ಡಿನ ಬಿಸಿಗೆ ಕಟ್ಟಿ. ಬೋರ್ಡಿನ ಬಯಾಸ್‌ನಲ್ಲಿ ಇದು ಇಲ್ಲದಿದ್ದರೆ ಫ್ಯಾನ್ ಕಂಟ್ರೋಲ್ ಅನ್ನುವ ಉಚಿತ ತಂತ್ರಾಂಶದಲ್ಲಿ ಮಾಡಬಹುದು.

9. ಕಸ್ಟಮ್ ಲೂಪ್ ಕಟ್ಟುವವರಿಗೆ

ಕಸ್ಟಮ್ ಲೂಪ್ ಅಂದರೆ ಪಂಪು, ಪೈಪು, ರೇಡಿಯೇಟರ್ ಬೇರೆಬೇರೆ ತಂದು ನಾವೇ ಕಟ್ಟುವ ನೀರಿನ ಸುತ್ತು. ಹಾಗೆ ಪ್ರೊಸೆಸರ್, ಕಾರ್ಡ್ ಎರಡಕ್ಕೂ ನೀರು ಹಾಯಿಸುವವರು ಪ್ರತಿ 100 ವ್ಯಾಟಿಗೆ ಒಂದು 120ರ ರೇಡಿಯೇಟರ್ ಜಾಗ ಅಂತ ಲೆಕ್ಕ ಹಾಕಿ. ಆರ್‌ಟಿಎಕ್ಸ್ 4090 450 ವ್ಯಾಟ್, ಜೊತೆಗೆ 150ರ ಪ್ರೊಸೆಸರ್ ಅಂದರೆ 600. ಎರಡು 360 ಇದ್ದರೆ ನೆಮ್ಮದಿ.

"ನೀರು ಮೊದಲು ಪ್ರೊಸೆಸರಿಗೆ ಹೋಗಬೇಕಾ, ಕಾರ್ಡಿಗಾ, ನಡುವೆ ರೇಡಿಯೇಟರ್ ಬೇಕಾ?" ಅಂತ ತುಂಬಾ ಜನ ಕೇಳುತ್ತಾರೆ. ನಿಮಿಷಕ್ಕೆ 4 ಲೀಟರ್ ಹರಿಯುವ ಸುತ್ತಿನಲ್ಲಿ 200 ವ್ಯಾಟಿನ ಬಿಸಿ ನೀರನ್ನು ಒಂದು ಡಿಗ್ರಿಯೂ ಏರಿಸುವುದಿಲ್ಲ. ಪೈಪು ಹತ್ತಿರವಾಗುವ, ಬಿಚ್ಚೋಕೆ ಸುಲಭವಾಗುವ ದಾರಿಯನ್ನೇ ಹಿಡಿಯಿರಿ. ಬದಲಾಯಿಸಬಾರದ ಕ್ರಮ ಒಂದೇ: ನೀರಿನ ತೊಟ್ಟಿ ಪಂಪಿಗೆ ಮುಂಚೆ, ಪಂಪಿಗಿಂತ ಎತ್ತರದಲ್ಲಿ. ಇಲ್ಲಿ ತಳದಲ್ಲಿ ರೇಡಿಯೇಟರ್ ಹಾಕಿದರೂ ಪರವಾಗಿಲ್ಲ, ಗಾಳಿ ತೊಟ್ಟಿಗೆ ಹೋಗಿ ಸೇರುತ್ತದೆ. ಸುತ್ತಿನ ತಗ್ಗಿನ ಜಾಗದಲ್ಲಿ ನೀರು ಖಾಲಿ ಮಾಡೋಕೆ ಒಂದು ನಲ್ಲಿ ಇಡಿ. ಅಲ್ಯೂಮಿನಿಯಂ ರೇಡಿಯೇಟರನ್ನು ತಾಮ್ರದ ಬ್ಲಾಕ್ (ಪ್ರೊಸೆಸರ್ ಅಥವಾ ಕಾರ್ಡಿನ ಮೇಲೆ ಕೂತು ಬಿಸಿಯನ್ನು ನೀರಿಗೆ ದಾಟಿಸುವ ಭಾಗ) ಜೊತೆ ಸೇರಿಸಬೇಡಿ, ಲೋಹ ಸವೆಯುತ್ತದೆ. ನೀರು ತುಂಬುವ ಮೊದಲು ಗಾಳಿ ಒತ್ತಡದ ಲೀಕ್ ಟೆಸ್ಟರ್ ಹಚ್ಚಿ ಮುಳ್ಳು ಇಳಿಯುತ್ತದಾ ಅಂತ ನೋಡಿ.

10. ಅಳೆದು ಬರೆದಿಡಿ

ಎಲ್ಲ ಮುಗಿದ ಮೇಲೆ ಒಂದು ಸಾದಾ ಥರ್ಮಾಮೀಟರನ್ನು ಕೇಸಿನ ಮುಂದೆ ಇಡಿ. ನೀವು ದಿನಾ ಆಡುವ ಗೇಮನ್ನೇ ಅರ್ಧ ಗಂಟೆ ಆಡಿ, ನೀರು ಒಂದು ಮಟ್ಟಕ್ಕೆ ಬಂದು ನಿಲ್ಲೋಕೆ ಅಷ್ಟು ಹೊತ್ತು ಬೇಕು. ಐದು ನಿಮಿಷದ ಟೆಸ್ಟ್ ಸುಳ್ಳು ಹೇಳುತ್ತದೆ. ಎಚ್‌ಡಬ್ಲ್ಯೂಇನ್ಫೋ ಅನ್ನುವ ತಂತ್ರಾಂಶದಲ್ಲಿ ಪ್ರೊಸೆಸರ್, ಕಾರ್ಡ್, ಕಾರ್ಡಿನ ಹಾಟ್‌ಸ್ಪಾಟ್ (ಅತಿ ಬಿಸಿಯಾದ ಜಾಗ) ಎಷ್ಟು ಡಿಗ್ರಿ ಅಂತ ನೋಡಿ. ಬರೆಯುವಾಗ ರೂಮಿನ ಉಷ್ಣಾಂಶ ಕಳೆದು ಬರೆಯಿರಿ. ಡಿಸೆಂಬರಿನಲ್ಲಿ 24ರ ರೂಮಿನಲ್ಲಿ ಕಾರ್ಡ್ 64, ಮೇನಲ್ಲಿ 36ರ ರೂಮಿನಲ್ಲಿ 76 ಅಂದರೆ ಎರಡೂ 40ರ ಏರಿಕೆಯೇ, ಪಿಸಿ ಕೆಟ್ಟಿಲ್ಲ.

ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ. ಪಕ್ಕದ ಗಾಜು ತೆಗೆದು ಇನ್ನೊಂದು ಸಲ ಅರ್ಧ ಗಂಟೆ ಆಡಿ ನೋಡುವುದು ಒಳ್ಳೆಯ ಪರೀಕ್ಷೆ. ಗಾಜು ತೆಗೆದಾಗ ಕಾರ್ಡು 7-8 ಡಿಗ್ರಿ ಇಳಿದರೆ ಒಳಗೆ ಗಾಳಿ ಸಾಲುತ್ತಿಲ್ಲ, ಮುಂದಿನ ಫ್ಯಾನ್ ಅಥವಾ ಜಾಲರಿಯನ್ನು ನೋಡಿ. ಒಂದೆರಡು ಡಿಗ್ರಿ ಮಾತ್ರ ಇಳಿದರೆ ನಿಮ್ಮ ಜೋಡಣೆ ಸರಿಯಾಗಿದೆ, ಇನ್ನು ಮುಟ್ಟಬೇಡಿ.

ನಮ್ಮ ಹುಡುಗ ಆ ಹಾಳೆಯನ್ನು ಮೇಜಿನ ಮೇಲಿನ ಗೋಡೆಗೇ ಅಂಟಿಸಿಕೊಂಡಿದ್ದಾನೆ. ಪ್ರತಿ ತಿಂಗಳ ಮೊದಲ ಭಾನುವಾರ ಜಾಲರಿ ತೊಳೆಯುತ್ತಾನೆ. ಮೂರು ತಿಂಗಳಿಗೊಮ್ಮೆ ಪಿಸಿ ಆಫ್ ಮಾಡಿ, ಫ್ಯಾನ್ ತಿರುಗದ ಹಾಗೆ ಬೆರಳಿಟ್ಟು ಹಿಡಿದು, ಮೇಲಿಂದ ಬ್ಲೋವರ್ ಹಿಡಿದು ರೇಡಿಯೇಟರ್ ಊದುತ್ತಾನೆ. ಕಾರ್ಡಿನ ಸಂಖ್ಯೆ ಹಿಂದಿನ ಸಾಲಿಗಿಂತ 5 ಡಿಗ್ರಿ ಏರಿದ ದಿನ ನನಗೆ ಫೋಟೋ ಕಳಿಸು ಅಂತ ಹೇಳಿದ್ದೇನೆ.